ಟ್ರ್ಯಾಕ್ ಡೇ ಕಾರಿನ ಬದಲಿ ಚಕ್ರ ಜೋಡಣೆ

ಟ್ರ್ಯಾಕ್ ಡೇ ಕಾರಿನ ಬದಲಿ ಚಕ್ರ ಜೋಡಣೆ ಎಂದರೆ ರೇಸ್ ಟ್ರ್ಯಾಕಿನಲ್ಲಿ ಹವ್ಯಾಸಕ್ಕಾಗಿ ಓಡಿಸುವ ರಸ್ತೆ ಕಾರಿನಿಂದ ಕಂಪನಿಯ ಚಕ್ರಗಳನ್ನು ತೆಗೆದು, ಬೇರೆ ಚಕ್ರಗಳನ್ನೂ ಅವಕ್ಕೆ ಹೊಂದುವ ನಟ್, ಬೋಲ್ಟ್, ಸ್ಟಡ್, ಸ್ಪೇಸರ್‌ಗಳನ್ನೂ ಅಳತೆ ನೋಡಿ ಕೂರಿಸುವ, ನಿಗದಿತ ಟಾರ್ಕಿಗೆ ಬಿಗಿಯುವ ಮತ್ತು ಓಟದ ನಡುನಡುವೆ ಪರೀಕ್ಷಿಸುವ ಕೆಲಸ. ಟ್ರ್ಯಾಕ್ ಡೇ ಪಂದ್ಯವಲ್ಲ. ಅಲ್ಲಿ ಸ್ಥಾನವಿಲ್ಲ, ಬಹುಮಾನವಿಲ್ಲ. ಹಣ ಕಟ್ಟಿದವರು ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷಗಳ ಸರದಿಯಲ್ಲಿ ತಂತಮ್ಮ ಕಾರು ಓಡಿಸುತ್ತಾರೆ. ಆದರೂ ಚಕ್ರದ ಮೇಲೆ ಬೀಳುವ ಹೊರೆ, ಬ್ರೇಕಿನ ಕಾವು ಎರಡೂ ಪಂದ್ಯದ ಕಾರಿನ ಹತ್ತಿರಕ್ಕೇ ಬರುತ್ತವೆ.

ಈ ಲೇಖನದಲ್ಲಿ ‘ಚಕ್ರ’ ಎಂದರೆ ಟೈರ್ ಬಿಟ್ಟು ಉಳಿದ ಲೋಹದ ಭಾಗ. ‘ಹಬ್’ ಎಂದರೆ ಬೇರಿಂಗಿನ ಮೇಲೆ ತಿರುಗುವ, ಚಕ್ರವನ್ನು ಹೊರುವ ಉಕ್ಕಿನ ಭಾಗ. ‘ಸ್ಟಡ್’ ಹಬ್‌ನಲ್ಲೇ ನಾಟಿದ್ದು, ಅದರ ಮೇಲೆ ನಟ್ ಕೂರುತ್ತದೆ. ‘ಬೋಲ್ಟ್’ ಹೊರಗಿನಿಂದ ಹಬ್‌ನೊಳಕ್ಕೆ ತಿರುಗಿ ಹೋಗುತ್ತದೆ. ‘ಟಾರ್ಕ್’ ರೆಂಚಿನಿಂದ ಕೊಡುವ ತಿರುಚುಬಲ. ಅದರಿಂದಾಗಿ ಚಕ್ರ ಹಬ್‌ಗೆ ಒತ್ತಿಕೊಳ್ಳುವ ಬಲವೇ ‘ಬಿಗಿತಬಲ’. ರೆಂಚು ತೋರಿಸುವುದು ಮೊದಲನೆಯದನ್ನು, ಚಕ್ರವನ್ನು ಹಿಡಿದಿಡುವುದು ಎರಡನೆಯದು.

ಉಗಮ

ಸ್ವಂತ ಕಾರನ್ನು ಹಣ ಕೊಟ್ಟು ಟ್ರ್ಯಾಕಿನಲ್ಲಿ ಓಡಿಸುವ ರೂಢಿ ಹಳೆಯದು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ 1927ರಲ್ಲಿ ತೆರೆದಾಗಿನಿಂದಲೇ ಸಾರ್ವಜನಿಕರಿಗೆ ಪ್ರವೇಶವಿತ್ತು. ಅಮೆರಿಕದ ಕಾರು ಕ್ಲಬ್ಬುಗಳ ಚಾಲನಾ ತರಬೇತಿ ದಿನಗಳು, ಬ್ರಿಟನ್ನಿನ ಹಳೆಯ ವಿಮಾನ ನೆಲೆಗಳಲ್ಲಿ ನಡೆಯುತ್ತಿದ್ದ ಓಟಗಳು ಇಂದಿನ ಟ್ರ್ಯಾಕ್ ಡೇಗೆ ರೂಪ ಕೊಟ್ಟವು. ಭಾರತದಲ್ಲಿ ಚೆನ್ನೈ ಹತ್ತಿರದ ಶೋಲಾವರಂ ವಿಮಾನ ಪಟ್ಟಿಯ ರೇಸುಗಳ ಕಾಲ ಮುಗಿದು, 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಶಾಶ್ವತ ಟ್ರ್ಯಾಕ್ ತೆರೆಯಿತು. ಅದರ ಉದ್ದ 3.7 ಕಿಲೋಮೀಟರಿಗೆ ತುಸು ಹೆಚ್ಚು. ಆಮೇಲೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಬಂದವು. ಬೆಂಗಳೂರಿನ ಹವ್ಯಾಸಿಗಳು ಹೆಚ್ಚಾಗಿ ಹೋಗುವುದು ತಮಿಳುನಾಡಿನ ಟ್ರ್ಯಾಕುಗಳಿಗೇ.

ಬದಲಿ ಚಕ್ರಗಳ ಇತಿಹಾಸ ರೇಸಿನಿಂದ ರಸ್ತೆಗೆ ಇಳಿದು ಬಂದದ್ದು. 1924ರಲ್ಲಿ ಲಿಯಾನ್ ಗ್ರಾಂಪ್ರಿಗೆ ಬಂದ ಬುಗಾಟಿ ಟೈಪ್ 35 ಕಾರಿಗೆ ಎರಕದ ಅಲ್ಯೂಮಿನಿಯಂ ಚಕ್ರಗಳಿದ್ದವು. ಬ್ರೇಕ್ ಡ್ರಮ್ಮು ಅವುಗಳೊಳಗೇ ಸೇರಿತ್ತು. 1960ರ ದಶಕದಲ್ಲಿ ಬ್ರಿಟನ್ನಿನ ಮಿನಿಲೈಟ್ ಮೆಗ್ನೀಸಿಯಂ ಚಕ್ರಗಳು ಮಿನಿ ಕಾರುಗಳ ರ್‍ಯಾಲಿಗಳಲ್ಲಿ ಹೆಸರು ಮಾಡಿದವು. ಅದೇ ದಶಕದಲ್ಲಿ ಜರ್ಮನಿಯ ಓಟ್ಟೊ ಫುಕ್ಸ್ ಕಂಪನಿ ಪೋರ್ಷೆ 911 ಎಸ್‌ಗೆ ಫೋರ್ಜ್ ಮಾಡಿದ ಅಲ್ಯೂಮಿನಿಯಂ ಚಕ್ರ ಒದಗಿಸಿತು. 1970ರಲ್ಲಿ ಶುರುವಾದ ಬಿಬಿಎಸ್, ಜಪಾನಿನ ಎಂಕೈ ಮತ್ತು ರೇಯ್ಸ್ (Rays) ಕಂಪನಿಗಳು ಹಗುರ ಚಕ್ರವನ್ನು ಹವ್ಯಾಸಿಯ ಕೈಗೆಟಕುವಂತೆ ಮಾಡಿದವು. 1996ರಲ್ಲಿ ಬಂದ ರೇಯ್ಸ್ ಕಂಪನಿಯ ಟಿಇ37 ಚಕ್ರ ಇಂದಿಗೂ ತಯಾರಾಗುತ್ತಿದೆ. ಅದನ್ನು ನೋಡಿ ಎರಕ ಹೊಯ್ದ ನಕಲುಗಳು ಲೆಕ್ಕವಿಲ್ಲದಷ್ಟಿದ್ದು, ಹೊರನೋಟಕ್ಕೆ ಅಸಲಿಗೂ ನಕಲಿಗೂ ವ್ಯತ್ಯಾಸ ತಿಳಿಯುವುದು ಕಷ್ಟ.

ಬಿಗಿತದ ತತ್ವ

ಚಕ್ರವನ್ನು ಹೊತ್ತಿರುವುದು ಸ್ಟಡ್ಡುಗಳೇ ಎಂಬ ಭಾವನೆ ಸಾಮಾನ್ಯ. ನಿಜದಲ್ಲಿ ಸ್ಟಡ್ಡುಗಳು ಚಕ್ರವನ್ನು ಹಬ್‌ನ ಮುಖಕ್ಕೆ ಒತ್ತಿ ಹಿಡಿಯುತ್ತವೆ, ಅಷ್ಟೆ. ಕಾರಿನ ಭಾರ, ಬ್ರೇಕಿನ ಬಲ, ತಿರುವಿನ ತಳ್ಳಾಟ ಎಲ್ಲವೂ ದಾಟುವುದು ಆ ಎರಡು ಮುಖಗಳ ನಡುವಿನ ಘರ್ಷಣೆಯ ಮೂಲಕ. ಬಿಗಿತಬಲ ಸಾಕಷ್ಟಿರುವವರೆಗೆ ಸ್ಟಡ್ಡಿಗೆ ಅಡ್ಡಹೊಡೆತ ತಾಕುವುದಿಲ್ಲ. ಬಿಗಿತ ಕುಸಿದರೆ ಚಕ್ರ ಹಬ್‌ನ ಮೇಲೆ ಕೂದಲೆಳೆಯಷ್ಟು ಜಾರತೊಡಗಿ, ಸ್ಟಡ್ಡು ಪ್ರತಿ ಸುತ್ತಿಗೂ ಬಾಗುತ್ತದೆ. ಇರುಂಗಾಟ್ಟುಕೋಟ್ಟೈಯ ಒಂದು ಲ್ಯಾಪಿನಲ್ಲಿ ಸಾಮಾನ್ಯ ಹ್ಯಾಚ್‌ಬ್ಯಾಕಿನ ಚಕ್ರ ಸುಮಾರು 1,900 ಸುತ್ತು ತಿರುಗುತ್ತದೆ. ಹೀಗೆ ಬಾಗಿದ ಉಕ್ಕು ದಣಿದು ಮುರಿಯಲು ಒಂದೆರಡು ಸರದಿ ಸಾಕಾಗಬಹುದು. ದಪ್ಪ ಸ್ಟಡ್ ಹಾಕಿಸಿ ಬಿಗಿತದ ಕಡೆ ಗಮನ ಕೊಡದಿದ್ದರೆ ಪ್ರಯೋಜನವಿಲ್ಲ.

ಒಂದು ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. 12 ಮಿಮೀ ಸ್ಟಡ್ಡಿಗೆ 108 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟರೆ, ಒಣ ಥ್ರೆಡ್ಡಿನಲ್ಲಿ ಸುಮಾರು 45 ಕಿಲೋನ್ಯೂಟನ್ ಬಿಗಿತಬಲ ಹುಟ್ಟುತ್ತದೆ. ಅಂದರೆ ಒಂದೊಂದು ಸ್ಟಡ್ಡೂ ನಾಲ್ಕೂವರೆ ಟನ್ನಿನಷ್ಟು ಒತ್ತುತ್ತದೆ. ಈ ಬಲಕ್ಕೆ ಸ್ಟಡ್ಡು ಹಿಗ್ಗುವುದು ಮಾತ್ರ ಮಿಲಿಮೀಟರಿನ ನೂರರಲ್ಲಿ ಆರು ಪಾಲಿನ ಆಸುಪಾಸು. ಬಿಗಿತವೆಲ್ಲ ಇರುವುದು ಆ ಹಿಗ್ಗಿನಲ್ಲಿ. ಚಕ್ರದ ಒಳಮುಖಕ್ಕೆ ಹೊಡೆದ ಪೌಡರ್ ಕೋಟಿಂಗಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಬ್ರೇಕಿನ ಕಾವಿಗೆ ಆ ಪದರ ಮೆತ್ತಗಾಗಿ ಹಿಂಡಿಹೋದರೆ ಸ್ಟಡ್ಡಿನ ಹಿಗ್ಗು ಇಳಿದು, ನಟ್ ಒಂದಿಷ್ಟೂ ತಿರುಗದೆಯೇ ಬಿಗಿತ ಮಾಯವಾಗುತ್ತದೆ. ಹಬ್ ಮುಖದ ತುಕ್ಕು, ಬಣ್ಣ, ಮಣ್ಣಿನ ಹಕ್ಕಳೆಗಳೂ ಮಾಡುವುದು ಇದನ್ನೇ.

ಕೊಟ್ಟ ಟಾರ್ಕಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬಿಗಿತಬಲವಾಗುತ್ತದೆ. ಉಳಿದದ್ದನ್ನು ನಟ್ಟಿನ ತಳದ ಮತ್ತು ಥ್ರೆಡ್ಡಿನ ಘರ್ಷಣೆ ನುಂಗುತ್ತದೆ. ಆದ್ದರಿಂದ ಥ್ರೆಡ್ಡಿಗೆ ಎಣ್ಣೆ ಸವರಿದರೆ ಅದೇ 108ಕ್ಕೆ 60 ಕಿಲೋನ್ಯೂಟನ್ ತನಕ ಬರಬಹುದು. 10.9 ದರ್ಜೆಯ 12×1.5 ಸ್ಟಡ್ಡು (12 ಮಿಮೀ ವ್ಯಾಸ, 1.5 ಮಿಮೀ ಥ್ರೆಡ್ ಅಂತರ) ಕಾಯಂ ಹಿಗ್ಗದೆ ತಾಳುವ ಮಿತಿ ಸುಮಾರು 73 ಕಿಲೋನ್ಯೂಟನ್. ಎಣ್ಣೆ ಸವರಿದ ಮೇಲೆ ಇಂಪ್ಯಾಕ್ಟ್ ಗನ್ ಐದರಲ್ಲೊಂದು ಪಾಲು ಹೆಚ್ಚಿಗೆ ಬಿಗಿದರೆ ಆ ಮಿತಿ ಮುಟ್ಟಿದಂತೆಯೇ. ಕೆಲವು ತಯಾರಕರು ನಿರ್ದಿಷ್ಟ ಪೇಸ್ಟ್ ಹಚ್ಚಲು ಸ್ವತಃ ಹೇಳುತ್ತಾರೆ. ಅಂಥ ಕಾರುಗಳ ಟಾರ್ಕ್ ಅಂಕಿ ಆ ಪೇಸ್ಟನ್ನು ಲೆಕ್ಕಕ್ಕೆ ಹಿಡಿದೇ ಕೊಟ್ಟದ್ದು. ಹಾಗೆ ಹೇಳದ ಕಡೆ ಥ್ರೆಡ್ ಒಣಗಿ ಶುಚಿಯಾಗಿರಬೇಕು.

ಅಳತೆಗಳು

ಚಕ್ರದ ರಂಧ್ರಗಳ ಕೇಂದ್ರಗಳನ್ನು ಹಾಯುವ ವೃತ್ತದ ವ್ಯಾಸ ಪಿಸಿಡಿ. 4×100 ಎಂದರೆ 100 ಮಿಮೀ ವೃತ್ತದಲ್ಲಿ ನಾಲ್ಕು ರಂಧ್ರ. ನಡುವಿನ ದೊಡ್ಡ ರಂಧ್ರ ಸೆಂಟರ್ ಬೋರ್. ಹಬ್‌ನ ಮೂತಿ ಅದರೊಳಗೆ ಕೂತು ಚಕ್ರವನ್ನು ನಡುವಿಗೆ ತರುತ್ತದೆ. ಚಕ್ರದ ಅಗಲದ ಮಧ್ಯರೇಖೆಗೂ ಹಬ್ ತಾಕುವ ಮುಖಕ್ಕೂ ಇರುವ ದೂರ ಆಫ್‌ಸೆಟ್. ಚಕ್ರದ ಮೇಲೆ ಇದನ್ನು ಇಟಿ ಎಂದು ಕೆತ್ತಿರುತ್ತಾರೆ.

ಪಿಸಿಡಿ ಒಂದೇ ಆದ ಮಾತ್ರಕ್ಕೆ ಚಕ್ರ ಹೊಂದುವುದಿಲ್ಲ. ಮಾರುತಿ ಸ್ವಿಫ್ಟ್ ಮತ್ತು ಹೋಂಡಾ ಸಿಟಿ ಎರಡೂ 4×100. ಆದರೆ ಸ್ವಿಫ್ಟಿನ ಹಬ್ 54.1 ಮಿಮೀ, ಸಿಟಿಯದು 56.1, ಸ್ವಿಫ್ಟಿನ ಸ್ಟಡ್ 12×1.25, ಸಿಟಿಯದು 12×1.5. ಸಿಟಿಯ ಚಕ್ರವನ್ನು ಸ್ವಿಫ್ಟಿಗೆ ಹಾಕಿದರೆ ಸುತ್ತಲೂ 1 ಮಿಮೀ ಸಂದು ಉಳಿಯುತ್ತದೆ. ಸಿಟಿಯ ನಟ್ ಸ್ವಿಫ್ಟಿನ ಸ್ಟಡ್ಡಿನ ಮೇಲೆ ಮೊದಲ ಒಂದೆರಡು ಸುತ್ತು ಕೈಯಲ್ಲೇ ತಿರುಗಿ ಆಮೇಲೆ ಕಚ್ಚಿಕೊಳ್ಳುತ್ತದೆ. ಆಗ ಗನ್ ಒತ್ತಿದರೆ ಎರಡರ ಥ್ರೆಡ್ಡೂ ಹಾಳು. ಬಿಗಿದಂತೆ ಕಂಡರೂ ಚಕ್ರಕ್ಕೆ ಬಿಗಿತ ತಲುಪಿರುವುದಿಲ್ಲ. ಭಾರತದಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೊ ಇವೆರಡಕ್ಕಿಂತ ಬೇರೆ: 5×100, 57.1 ಮಿಮೀ, ಸ್ಟಡ್ಡಿನ ಬದಲು 14×1.5 ಬೋಲ್ಟ್, ಟಾರ್ಕ್ 120 ನ್ಯೂಟನ್-ಮೀಟರ್.

ಹಲವು ಕಾರುಗಳಿಗೆ ಹೊಂದಲೆಂದು ಮಾರುಕಟ್ಟೆಯ ಚಕ್ರಗಳ ಬೋರನ್ನು 73.1 ಮಿಮೀಯಂಥ ದೊಡ್ಡ ಅಳತೆಗೆ ಕೊರೆದು, ಸಂದು ತುಂಬಲು ಹಬ್ ರಿಂಗ್ ಕೊಡುತ್ತಾರೆ. ರಿಂಗಿನ ಕೆಲಸ ಬಿಗಿಯುವಾಗ ಚಕ್ರವನ್ನು ನಡುವಿಗೆ ಹಿಡಿಯುವುದು, ಭಾರ ಹೊರುವುದಲ್ಲ. ಪ್ಲಾಸ್ಟಿಕ್ ರಿಂಗ್ ರಸ್ತೆಗೆ ಸಾಕು, ಟ್ರ್ಯಾಕಿನ ಕಾವಿಗೆ ಕರಗಿ ಆಕಾರಗೆಡುತ್ತದೆ. ಟ್ರ್ಯಾಕಿಗೆ ಅಲ್ಯೂಮಿನಿಯಂ ರಿಂಗ್ ಬಳಕೆ.

ಆಫ್‌ಸೆಟ್ ಬದಲಾದರೆ ಚಕ್ರ ಎಲ್ಲಿ ಕೂರುತ್ತದೆಂಬುದನ್ನು ಮೊದಲೇ ಲೆಕ್ಕ ಹಾಕಬಹುದು. 7 ಇಂಚು, ಇಟಿ 45ರ ಚಕ್ರದ ಬದಲು 7.5 ಇಂಚು, ಇಟಿ 35 ಹಾಕಿದರೆ ಹೊರಅಂಚು 16 ಮಿಮೀಗೆ ತುಸು ಮಿಕ್ಕಿ ಆಚೆ ಬರುತ್ತದೆ. ಅಗಲ ಹೆಚ್ಚಿದ್ದರೂ ಒಳಅಂಚು ಷಾಕ್ ಅಬ್ಸಾರ್ಬರಿನಿಂದ ಸುಮಾರು ನಾಲ್ಕು ಮಿಮೀ ದೂರವೇ ಸರಿಯುತ್ತದೆ. ಹೊರಕ್ಕೆ ಬಂದಷ್ಟೂ ಮಡ್‌ಗಾರ್ಡಿಗೆ ಟೈರ್ ಉಜ್ಜುವ ಸಂಭವ, ಬೇರಿಂಗಿನ ಹೊರೆ, ಸ್ಟೀರಿಂಗಿನ ಎಳೆತ ಹೆಚ್ಚುತ್ತವೆ. ಬ್ರೇಕ್ ಕ್ಯಾಲಿಪರಿಗೂ ಚಕ್ರದ ಒಳಮೈಗೂ ಕನಿಷ್ಠ 3 ಮಿಮೀ ಅಂತರ ಬಿಡುವುದು ರೂಢಿ. ತಿರುವಿನಲ್ಲಿ ಚಕ್ರ ಬಾಗುವುದನ್ನೂ ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕವನ್ನೂ ಇದರಲ್ಲಿ ಎಣಿಸಬೇಕು. ದೊಡ್ಡ ಕ್ಯಾಲಿಪರ್ ಹಾಕಿಸಿದ ಕಾರಿಗೆ ಚಕ್ರದ ಕಡ್ಡಿಗಳ (ಸ್ಪೋಕ್) ಬಾಗು ಕೂಡ ಅಡ್ಡ ಬರುತ್ತದೆ. ಆದ್ದರಿಂದ ಟೈರ್ ಏರಿಸುವ ಮೊದಲು ಬರಿಯ ಚಕ್ರವನ್ನು ಕೂರಿಸಿ ಕೈಯಲ್ಲಿ ತಿರುಗಿಸಿ ನೋಡುವುದು ಉತ್ತಮ. ಟೈರ್ ಏರಿಸಿದ ಚಕ್ರವನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸು ಪಡೆಯುವುದಿಲ್ಲ.

ನಟ್, ಬೋಲ್ಟ್, ಸ್ಟಡ್

ನಟ್ ಚಕ್ರಕ್ಕೆ ತಾಕುವ ಜಾಗದ ಆಕಾರ ಮೂರು ಬಗೆ: 60 ಡಿಗ್ರಿ ಶಂಕು, ಗುಂಡು, ಮತ್ತು ವಾಷರ್ ಸಹಿತ ಚಪ್ಪಟೆ. ಹೋಂಡಾದ ಕಂಪನಿ ಚಕ್ರಕ್ಕೆ 12 ಮಿಮೀ ತ್ರಿಜ್ಯದ ಗುಂಡು, ಫೋಕ್ಸ್‌ವ್ಯಾಗನ್‌ಗೆ 13 ಮಿಮೀ ತ್ರಿಜ್ಯದ ಗುಂಡು ಬೇಕು. ಮಾರುಕಟ್ಟೆಯ ಹೆಚ್ಚಿನ ಚಕ್ರಗಳಿಗೆ ಬೇಕಾದದ್ದು ಶಂಕು. ಗುಂಡು ಕುಳಿಗೆ ಶಂಕು ನಟ್ ಹಾಕಿದರೆ ಅದು ತೆಳ್ಳನೆಯ ಒಂದು ಗೆರೆಯ ಮೇಲೆ ಮಾತ್ರ ನಿಲ್ಲುತ್ತದೆ. ಟಾರ್ಕ್ ರೆಂಚ್ ಸರಿಯಾಗಿಯೇ ‘ಟಕ್’ ಎನ್ನುತ್ತದೆ, ಆದರೆ ಆ ಗೆರೆ ಓಟದಲ್ಲಿ ಸವೆದು ಬಿಗಿತ ಇಳಿಯುತ್ತದೆ. ಕಂಪನಿಯ ಚಕ್ರ ತೆಗೆದು ಹೊಸದು ಹಾಕುವಾಗ ಹಳೆಯ ನಟ್ಟುಗಳನ್ನೇ ಬಳಸಿಬಿಡುವುದು ಈ ಕೆಲಸದಲ್ಲಿ ಅತಿ ಸುಲಭವಾಗಿ ಆಗುವ ತಪ್ಪು. ಸ್ಟೀಲ್ ಚಕ್ರವಿರುವ ಸ್ಟೆಪ್ನಿಗೆ ಹಳೆಯ ನಟ್ಟುಗಳು ಬೇಕಾಗುವುದರಿಂದ ಅವನ್ನು ಡಿಕ್ಕಿಯಲ್ಲಿ ಜೋಪಾನವಾಗಿಡಬೇಕು.

ನಟ್ ಸ್ಟಡ್ಡಿನ ಮೇಲೆ ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಉದ್ದ ಹಿಡಿದಿರಬೇಕು ಎಂಬುದು ಸಾಮಾನ್ಯ ನಿಯಮ. 12×1.5 ಸ್ಟಡ್ಡಿಗೆ ಅದು ಎಂಟು ಪೂರ್ತಿ ಸುತ್ತು. ಬಾಯಿ ಮುಚ್ಚಿದ ನಟ್ಟಿಗಿಂತ ಎರಡೂ ಕಡೆ ತೆರೆದ ಉಕ್ಕಿನ ನಟ್ ಟ್ರ್ಯಾಕಿಗೆ ಮೇಲು. ಸ್ಟಡ್ಡಿನ ತುದಿ ಹೊರಗೆ ಕಾಣುವುದರಿಂದ ಹಿಡಿತ ಸಾಕಷ್ಟಿದೆಯೇ ಎಂದು ದೂರದಿಂದಲೇ ತಿಳಿಯುತ್ತದೆ. ಬಣ್ಣಬಣ್ಣದ ಅಲ್ಯೂಮಿನಿಯಂ ನಟ್ಟುಗಳು ಹಗುರ, ಆದರೆ ಪದೇ ಪದೇ ಬಿಚ್ಚಿ ಬಿಗಿದರೆ ಥ್ರೆಡ್ ಬೇಗ ಸವೆಯುತ್ತದೆ. ಕಳ್ಳರ ಭಯಕ್ಕೆ ಹಾಕುವ ಲಾಕ್ ನಟ್ ಟ್ರ್ಯಾಕಿನಲ್ಲಿ ಅನಗತ್ಯ: ಅದರ ಕೀಲಿ ಹಾಳಾದರೆ ಪಿಟ್ಟಿನಲ್ಲಿ ಚಕ್ರ ಬಿಚ್ಚಲಾಗದು.

ಉದ್ದನೆಯ ಬದಲಿ ಸ್ಟಡ್ ಹಾಕುವವರು ಮೂರು ಅಳತೆ ನೋಡಬೇಕು: ಥ್ರೆಡ್, ಉದ್ದ, ಮತ್ತು ಹಬ್‌ನೊಳಗೆ ಕಚ್ಚುವ ಗೀರು ಭಾಗದ ವ್ಯಾಸ. ಮೂರನೆಯದು ಸಡಿಲವಾದರೆ ನಟ್ ಬಿಚ್ಚುವಾಗ ಸ್ಟಡ್ಡೂ ಜೊತೆಗೆ ತಿರುಗುತ್ತದೆ. ಸ್ಟಡ್ಡಿನ ತಲೆ ಹಬ್‌ನ ಹಿಂಬದಿಗೆ ಪೂರ್ತಿ ತಾಕಿ ಕೂರುವಂತೆ ಪ್ರೆಸ್ಸಿನಲ್ಲಿ ಒತ್ತಿಸುವುದು ಸುರಕ್ಷಿತ. ಅರ್ಧ ಕೂತ ಸ್ಟಡ್ಡು ಓಡುವಾಗ ಉಳಿದಷ್ಟನ್ನು ತಾನೇ ಇಳಿದು ನಟ್ಟನ್ನು ಸಡಿಲ ಬಿಡುತ್ತದೆ. ಬೋಲ್ಟಿನ ಕಾರುಗಳನ್ನು ಸ್ಟಡ್ಡಿಗೆ ಬದಲಿಸುವುದೂ ಉಂಟು. ಚಕ್ರವನ್ನು ಎತ್ತಿ ನೇತುಹಾಕಲು ಅದು ಅನುಕೂಲ, ಹಬ್‌ನ ಥ್ರೆಡ್ ಸವೆಯುವುದೂ ತಪ್ಪುತ್ತದೆ. ಬೋಲ್ಟಾಗಲಿ, ತಿರುಗಿಸಿ ಕೂರಿಸುವ ಸ್ಟಡ್ಡಾಗಲಿ ಉದ್ದ ಹೆಚ್ಚಾದರೆ ಹಿಂಬದಿಯ ಭಾಗಗಳಿಗೆ ತಾಕಬಹುದು.

ಸ್ಪೇಸರ್

ಹಬ್‌ಗೂ ಚಕ್ರಕ್ಕೂ ನಡುವೆ ಇಡುವ ತಟ್ಟೆ ಸ್ಪೇಸರ್. 3ರಿಂದ 5 ಮಿಮೀಯ ತೆಳು ಸ್ಪೇಸರ್ ಕ್ಯಾಲಿಪರಿನ ಅಂತರಕ್ಕೆ ಸಾಕಾದರೂ, ಅಷ್ಟೇ ಉದ್ದದ ಥ್ರೆಡ್ ಹಿಡಿತವನ್ನೂ ಹಬ್ ಮೂತಿಯ ಹಿಡಿತವನ್ನೂ ಕಸಿಯುತ್ತದೆ. ಹೀಗಾಗಿ ಅದರ ಜೊತೆಗೆ ಉದ್ದನೆಯ ಸ್ಟಡ್ ಬೇಕೇ ಬೇಕು. ತನ್ನದೇ ಸ್ಟಡ್ಡುಗಳಿರುವ ದಪ್ಪ ಸ್ಪೇಸರಿನಲ್ಲಿ ಬಿಗಿಯಬೇಕಾದ ಜೋಡಣೆ ಎರಡು. ಒಳಗಿನದು ಚಕ್ರ ಬಿಚ್ಚದೆ ಕಾಣುವುದಿಲ್ಲ. ಕಂಪನಿ ಸ್ಟಡ್ಡಿನ ತುದಿ ಸ್ಪೇಸರಿನಿಂದ ಹೊರಚಾಚಿದರೆ ಚಕ್ರ ಮುಖಕ್ಕೆ ಕೂರದೆ ತುದಿಯ ಮೇಲೆ ನಿಲ್ಲುತ್ತದೆ. ಎರಡು ಸ್ಪೇಸರ್ ಒಂದರ ಮೇಲೊಂದು ಇಡುವುದು ಯಾವ ಸಂದರ್ಭದಲ್ಲೂ ಸಲ್ಲದು. ಸರಿಯಾದ ಆಫ್‌ಸೆಟ್ಟಿನ ಚಕ್ರ ಸಿಗುವುದಾದರೆ ಸ್ಪೇಸರಿನ ಗೊಡವೆ ಬೇಡ.

ಚಕ್ರಗಳ ಬಗೆ

ಎರಕದ ಚಕ್ರ ಸಾಮಾನ್ಯವಾಗಿ ಸಿಲಿಕಾನ್ ಮತ್ತು ಮೆಗ್ನೀಸಿಯಂ ಬೆರೆತ ಎ356 ಅಲ್ಯೂಮಿನಿಯಂನದು. ಅಗ್ಗ, ಆದರೆ ಅದೇ ಬಲಕ್ಕೆ ತೂಕ ಹೆಚ್ಚು. ಫ್ಲೋ ಫಾರ್ಮಿಂಗಿನಲ್ಲಿ ಎರಕದ ಚಕ್ರದ ಹೊರಬಳೆಯನ್ನು ಬಿಸಿ ಮಾಡಿ ರೋಲರುಗಳಿಂದ ಒತ್ತಿ ಎಳೆಯುತ್ತಾರೆ. ಬಳೆ ತೆಳುವಾಗಿ ಗಟ್ಟಿಯಾಗುತ್ತದೆ, ಕಡ್ಡಿಗಳು ಎರಕದವೇ. ಫೋರ್ಜ್ ಚಕ್ರವನ್ನು ಹೆಚ್ಚಾಗಿ 6061 ಅಲ್ಯೂಮಿನಿಯಂ ಗಟ್ಟಿಯಿಂದ ಭಾರಿ ಪ್ರೆಸ್ಸಿನಲ್ಲಿ ಒತ್ತಿ ಮಾಡುತ್ತಾರೆ. ಹೊಡೆತ ಬಿದ್ದಾಗ ಇದು ಬಿರಿಯುವುದಕ್ಕಿಂತ ಬಾಗುವುದು ಹೆಚ್ಚು. ಮೆಗ್ನೀಸಿಯಂ ಅಲ್ಯೂಮಿನಿಯಂಗಿಂತ ಮೂರರಲ್ಲೊಂದು ಪಾಲು ಹಗುರ, ಆದರೆ ತೇವಕ್ಕೆ ಬೇಗ ಕೊರೆದುಹೋಗುತ್ತದೆ; ಬಿರುಕಿನ ಪರೀಕ್ಷೆ ನಿಯಮಿತವಾಗಿ ಬೇಕು.

ಎಳೆದು ನೇರ ಮಾಡಿದ, ವೆಲ್ಡಿಂಗ್ ಮಾಡಿಸಿದ ಅಲಾಯ್ ಚಕ್ರ ಟ್ರ್ಯಾಕಿಗೆ ಸಲ್ಲದು; ಕಾವಿಗೆ ಲೋಹದ ಮೂಲ ಉಷ್ಣಸಂಸ್ಕಾರ ಕೆಟ್ಟಿರುತ್ತದೆ. ಪೌಡರ್ ಕೋಟಿಂಗ್ ಒಲೆ 200 ಡಿಗ್ರಿ ಸೆಲ್ಸಿಯಸ್ ದಾಟಿ ಹೆಚ್ಚು ಹೊತ್ತು ಕಾಯಿಸಿದರೂ ಅದೇ ಅಪಾಯ.

ಜೋಡಿಸುವ ಕ್ರಮ

ಹಬ್ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ ಒರೆಸಬೇಕು. ತುಕ್ಕು ತಡೆಯುವ ಪೇಸ್ಟ್ ಹಚ್ಚುವುದಿದ್ದರೆ ಹಬ್ ಮೂತಿಯ ಸುತ್ತ ತೆಳ್ಳಗೆ ಮಾತ್ರ, ಮುಖಕ್ಕಾಗಲಿ ಥ್ರೆಡ್ಡಿಗಾಗಲಿ ಅಲ್ಲ. ಚಕ್ರ ಕೂರಿಸಿ ಎಲ್ಲ ನಟ್ಟುಗಳನ್ನೂ ಕೈಯಲ್ಲೇ ಕೊನೆಯವರೆಗೆ ತಿರುಗಿಸಬೇಕು. ಕೈಗೆ ತಿರುಗದ ನಟ್ಟಿಗೆ ಸ್ಪ್ಯಾನರ್ ಹಾಕದೆ ಬಿಚ್ಚಿ ಕಾರಣ ಹುಡುಕಬೇಕು. ಆಮೇಲೆ ಎದುರುಬದುರು ಕ್ರಮದಲ್ಲಿ ಸ್ವಲ್ಪ ಬಿಗಿದು, ಟೈರ್ ನೆಲಕ್ಕೆ ತಾಕುವಷ್ಟು ಜ್ಯಾಕ್ ಇಳಿಸಿ, ಅದೇ ಕ್ರಮದಲ್ಲಿ ಎರಡು ಹಂತಗಳಲ್ಲಿ ಪೂರ್ಣ ಟಾರ್ಕ್ ಮುಟ್ಟಿಸುತ್ತಾರೆ. ಪಂಚರ್ ಅಂಗಡಿಯ ಇಂಪ್ಯಾಕ್ಟ್ ಗನ್ ಬಿಚ್ಚಲು ಒಳ್ಳೆಯದು. ಎಷ್ಟು ಬಿಗಿಯಿತೆಂದು ಅದು ಹೇಳುವುದಿಲ್ಲ. ರೆಂಚ್ ‘ಟಕ್’ ಎಂದ ಮೇಲೆ ಖಾತ್ರಿಗಾಗಿ ಇನ್ನೊಂದು ಸಲ ಜಗ್ಗುವ ಚಾಳಿಯಿಂದ ಟಾರ್ಕ್ ನಿಗದಿ ಮೀರುತ್ತದೆ. ಕೆಲಸ ಮುಗಿದ ಮೇಲೆ ರೆಂಚನ್ನು ಕನಿಷ್ಠ ಅಂಕಿಗೆ ಇಳಿಸಿಡಬೇಕು. ವರ್ಷಕ್ಕೊಮ್ಮೆ ಅಥವಾ 5,000 ಬಿಗಿತಗಳಿಗೊಮ್ಮೆ ಅದನ್ನು ಮಾಪನಾಂಕ ನಿರ್ಣಯಕ್ಕೆ ಕೊಡುವುದು ಐಎಸ್‌ಒ 6789 ಆಧಾರಿತ ರೂಢಿ.

ತಪಾಸಣೆ ಮತ್ತು ವೈಫಲ್ಯ

ಮೊದಲ ಸರದಿ ಮುಗಿದ ಕೂಡಲೇ ನಟ್ ಬಿಗಿಯುವುದು ಸರಿಯಲ್ಲ. ಒಂದು ಡಿಗ್ರಿ ಕಾವಿಗೆ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಬಿಸಿ ಚಕ್ರವನ್ನು ನಿಗದಿತ ಟಾರ್ಕಿಗೆ ಬಿಗಿದರೆ ಆರಿದ ಮೇಲೆ ಅದು ಕುಗ್ಗಿ ಬಿಗಿತ ಕಡಿಮೆಯಾಗುತ್ತದೆ. ಚಕ್ರ ಕೈ ಇಡುವಷ್ಟು ಆರಿದ ಮೇಲೆ, ನಟ್ ಬಿಚ್ಚದೆ, ನಿಗದಿತ ಅಂಕಿಗೆ ರೆಂಚ್ ಹಾಕಿ ನೋಡಬೇಕು. ಹೊಸ ಚಕ್ರ ಮೊದಲ ಸಲ ತುಸು ತಿರುಗುವುದು ಸಹಜ. ಪ್ರತಿ ಸರದಿಗೂ ತಿರುಗುತ್ತಿದ್ದರೆ ಮುಖದಲ್ಲಿ ಬಣ್ಣ, ತಪ್ಪು ಆಕಾರದ ನಟ್, ಅಥವಾ ಹಿಗ್ಗಿಹೋದ ಸ್ಟಡ್ ಇದೆ ಎಂದರ್ಥ.

ಸಡಿಲಗೊಂಡ ಚಕ್ರ ಮೊದಲೇ ಕುರುಹು ಕೊಡುತ್ತದೆ: ನಟ್ಟಿನ ಸುತ್ತ ಕೆಂಪು ಅಥವಾ ಕಪ್ಪು ಪುಡಿ, ಹೊಳೆಯುವ ಉಜ್ಜುಗೆರೆ, ಮೊಟ್ಟೆಯಾಕಾರಕ್ಕೆ ತಿರುಗಿದ ರಂಧ್ರ, ಬ್ರೇಕ್ ಒತ್ತಿದಾಗ ‘ಟಣ್’ ಎನ್ನುವ ಸದ್ದು, ವೇಗಕ್ಕೆ ತಕ್ಕಂತೆ ಏರುವ ನಡುಕ. ನಡುಕ ಬಂದ ಕೂಡಲೇ ಲ್ಯಾಪ್ ಮುಗಿಸುವ ಯೋಚನೆ ಬಿಟ್ಟು ನಿಧಾನಕ್ಕೆ ಪಿಟ್ಟಿಗೆ ಬರಬೇಕು. ಒಂದು ಸ್ಟಡ್ ಮುರಿದರೆ ಆ ಹಬ್‌ನ ಎಲ್ಲವನ್ನೂ ಬದಲಿಸುತ್ತಾರೆ, ಏಕೆಂದರೆ ಮುರಿದದ್ದರ ಹೊರೆಯನ್ನು ಉಳಿದವು ಹೊತ್ತು ದಣಿದಿರುತ್ತವೆ. ಚಕ್ರದ ಬಿರುಕು ಹೆಚ್ಚಾಗಿ ಕಡ್ಡಿಯ ಬುಡದಲ್ಲಿ, ನಟ್ ರಂಧ್ರಗಳ ನಡುವೆ ಅಥವಾ ಬಳೆಯ ಒಳಬದಿಯಲ್ಲಿ ಹುಟ್ಟುತ್ತದೆ. ಪಂಚರ್ ಕಾಣದೆ ದಿನವೂ ಗಾಳಿ ಇಳಿಯುವ ಟೈರಿನ ಒಳಬಳೆಯನ್ನು ಪರೀಕ್ಷಿಸಲೇಬೇಕು.

ಈಗಿನ ಸ್ಥಿತಿ

ಜಪಾನಿನ ಜೆಡಬ್ಲ್ಯುಎಲ್ ಗುರುತು, ಅದನ್ನು ಸ್ವತಂತ್ರವಾಗಿ ಪರೀಕ್ಷಿಸುವ ವಿಐಎ, ಜರ್ಮನಿಯ ಟಿಯುವಿ ಪ್ರಮಾಣಪತ್ರ ಚಕ್ರದ ಗುಣಮಟ್ಟಕ್ಕೆ ಪರಿಚಿತ ಆಧಾರಗಳು. ಭಾರತದಲ್ಲಿ ಅಲಾಯ್ ಚಕ್ರಗಳಿಗೆ ಐಎಸ್ 16192 ಮಾನದಂಡವಿದೆ. ಗುರುತು ಅಚ್ಚಾಗಿದ್ದ ಮಾತ್ರಕ್ಕೆ ಅಸಲಿಯೆಂದು ನಂಬಲಾಗದು. ಚಕ್ರದ ಒಳಬದಿಯಲ್ಲಿ ಕೆತ್ತಿದ ಗರಿಷ್ಠ ಹೊರೆ, ಅಳತೆ, ತಯಾರಿಕೆಯ ದಿನಾಂಕ ಒಟ್ಟಾಗಿ ಹೊಂದಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿದಿದೆ.

ಪೋರ್ಷೆ 911 ಜಿಟಿ3ಯಂಥ ಕಾರುಗಳಲ್ಲಿ ಈಗ ನಡುವೆ ಒಂದೇ ದೊಡ್ಡ ನಟ್ ಇದ್ದು, ಅದಕ್ಕೆ 600 ನ್ಯೂಟನ್-ಮೀಟರ್ ಟಾರ್ಕ್ ಬೇಕು. ಸಾಮಾನ್ಯ ರೆಂಚ್ ಅದಕ್ಕೆ ಸಾಲದು. ಉಳಿದ ಹವ್ಯಾಸಿಗಳಲ್ಲಿ ಎರಡು ಜೊತೆ ಚಕ್ರ ಇಟ್ಟುಕೊಳ್ಳುವ ಪದ್ಧತಿ ಬೆಳೆದಿದೆ. ರಸ್ತೆಯ ಚಕ್ರದಲ್ಲಿ ಟ್ರ್ಯಾಕಿಗೆ ಬಂದು, ಪಿಟ್ಟಿನಲ್ಲಿ ಬದಲಿಸಿಕೊಂಡು, ಸಂಜೆ ಮತ್ತೆ ಹಳೆಯದನ್ನು ಹಾಕಿ ಹೆದ್ದಾರಿ ಹಿಡಿಯುತ್ತಾರೆ. ಈ ಸಂಜೆಯ ಜೋಡಣೆ ಅವಸರದಲ್ಲಿ, ದಣಿದ ಕೈಯಲ್ಲಿ, ಕೆಲವೊಮ್ಮೆ ಕತ್ತಲಲ್ಲಿ ನಡೆಯುತ್ತದೆ. ಟ್ರ್ಯಾಕ್ ಚಕ್ರಕ್ಕೆ ಅನ್ವಯಿಸುವ ಕ್ರಮ ಇದಕ್ಕೂ ಅನ್ವಯಿಸುತ್ತದೆ, ಮತ್ತು ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ದಾರಿಯಲ್ಲಿ ನಿಲ್ಲಿಸಿ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ ನೋಡಬೇಕು.